ಮೋಟರಿಗೆ ನೀರು ಬಿದ್ದ ವರ್ಷ

ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಆಳೆತ್ತರ ಕಳೆ ಬೆಳೆದು ನಿಲ್ಲುತ್ತದೆ. ಚಿಕ್ಕಬಳ್ಳಾಪುರದಲ್ಲಿ ಈಗ ಕೈಯಲ್ಲಿ ಕಳೆ ಕೀಳುವವರು ಸಿಗುವುದಿಲ್ಲ. ಹೆಗಲಿಗೆ ಮಿಷನ್ ನೇತುಹಾಕಿಕೊಂಡು ಬಂದು ಒಂದು ಗಂಟೆಯಲ್ಲಿ ಬೋಳಿಸಿ ಹೋಗುತ್ತಾರೆ. ಹೋದ ವಾರ ಹಾಗೆ ಒಬ್ಬರು ಬಂದಿದ್ದರು. ನಾನು ದೇವರ ಮನೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದೆ. ಕಿಟಕಿಯಿಂದ ಮೊದಲು ಸದ್ದು ಬಂತು, ಸದ್ದಿನ ಹಿಂದೆಯೇ ಹೊಗೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟಾಗ ಬರುವ, ಸ್ವಲ್ಪ ಸಿಹಿ ಸ್ವಲ್ಪ ಕಮಟು ಹೊಗೆ, ಅದರ ಜೊತೆ ಹಸಿ ಹುಲ್ಲಿನ ವಾಸನೆ. ಬೇರೆ ಯಾರಾದರೂ ಆಗಿದ್ದರೆ ಎದ್ದು ಕಿಟಕಿ ಮುಚ್ಚುತ್ತಿದ್ದರು. ನಾನು ಹೊಸೆದ ಬತ್ತಿ ಕೈಯಲ್ಲೇ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತೆ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ದೇವರ ಮುಂದೆ ಕೂತವಳು ಪೆಟ್ರೋಲ್ ಹೊಗೆಗೆ ಎದ್ದು ಹೋದಳು ಅಂದರೆ ಕೇಳಿದವರು ನಕ್ಕಾರು. ಆದರೆ ಇಂಥದೊಂದು ವಾಸನೆ ನಿಮಗೂ ಇದ್ದೇ ಇರುತ್ತದೆ. ಸೀದ ಹಾಲೋ, ಹೊಸ ಪುಸ್ತಕವೋ, ಯಾರದೋ ಟ್ರಂಕಿನ ನುಸಿಗುಳಿಗೆಯೋ. ನನಗೆ ಈ ಹೊಗೆ ಅಂದರೆ ತುಂಬಿದ ಕೆರೆಯ ಮೇಲೆ ಬೆಳಗಿನ ಎಂಟು ಗಂಟೆ.

ನಾನು ಹುಟ್ಟಿ ಬೆಳೆದ ಊರು ಗೌರಿಬಿದನೂರಿಗೆ ಎಂಟು ಮೈಲಿ, ಆಂಧ್ರದ ಗಡಿಗೆ ಇನ್ನೂ ಹತ್ತಿರ. ಕೆರೆ ಏರಿಯ ಬುಡದಲ್ಲೇ ನಮ್ಮ ಮನೆ. ಗೋಡೆಗೂ ಕಲ್ಲು, ಮಾಳಿಗೆಗೂ ಕಲ್ಲು ಚಪ್ಪಡಿ. ಬೇಸಿಗೆಯಲ್ಲಿ ಕಾಯುತ್ತಿತ್ತು, ಕೆರೆ ತುಂಬಿದ ವರ್ಷ ಮಾತ್ರ ಗೋಡೆಯ ಕೆಳಗಿನ ಮೂರು ಸಾಲು ಕಲ್ಲು ಸದಾ ತಣ್ಣಗೆ ಬೆವರುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ ನಾವು ಮಕ್ಕಳು ಆ ಕಲ್ಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಹಜಾರದ ತುಂಬ ರೇಷ್ಮೆ ಹುಳುವಿನ ತಟ್ಟೆಗಳು, ಮೂಲೆಯಲ್ಲಿ ಕಡಲೆಕಾಯಿ ಮೂಟೆ, ಅಡುಗೆಮನೆಯ ಬಾಗಿಲ ಮೇಲೆ ಗಂಗಮ್ಮನ ಪಟ. ಆ ಪಟಕ್ಕೆ ಪ್ರತಿ ಶುಕ್ರವಾರ ಕುಂಕುಮ ಇಟ್ಟು ಇಟ್ಟು ಅಮ್ಮನವರ ಮುಖವೇ ಮುಚ್ಚಿಹೋಗಿತ್ತು. ಕುಂಕುಮ ಇಡುತ್ತಿದ್ದವಳು ನಮ್ಮ ಅವ್ವ, ಅಂದರೆ ನಮ್ಮ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಗೆ ಅವ್ವ ಅನ್ನುತ್ತೇವೆ. ಅವ್ವನ ತವರು ಗಡಿಯ ಆಚೆ. ಸಿಟ್ಟು ಬಂದರೆ, ತಮಾಷೆ ಮಾಡಬೇಕಾದರೆ, ಮುದ್ದು ಉಕ್ಕಿದರೆ ತೆಲುಗೇ ಬರುತ್ತಿತ್ತು. ಅಪ್ಪನನ್ನು ಅವಳು ಕೊನೆಯವರೆಗೂ ಕರೆದದ್ದು ‘ಪೆದ್ದೋಡಾ’ ಎಂದು. ತೆಲುಗಿನಲ್ಲಿ ಅದು ದೊಡ್ಡ ಮಗ. ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಮೇಷ್ಟರೊಬ್ಬರು ಅದನ್ನು ಕೇಳಿ, ಇಷ್ಟು ಮರ್ಯಾದಸ್ಥರನ್ನು ಹೆತ್ತತಾಯಿಯೇ ಹೀಗೆ ಹಳಿಯುವುದೇ ಎಂದು ನೊಂದುಕೊಂಡಿದ್ದರು.

ಕೆರೆಯ ಈಚೆ ಊರು, ಆಚೆ ಹೈಸ್ಕೂಲು ಮತ್ತು ಬಸ್ಸು ನಿಲ್ಲುವ ಟಾರ್ ರಸ್ತೆ. ಕೆರೆ ಬತ್ತಿದಾಗ ಅದರ ಹೊಟ್ಟೆಯಲ್ಲೇ ಗಾಡಿ ದಾರಿ ಇತ್ತು, ಅರ್ಧ ಗಂಟೆ ನಡೆದರೆ ಸ್ಕೂಲು. ಕೆರೆ ತುಂಬಿದರೆ ಆ ದಾರಿ ಮುಳುಗಿ, ಏರಿ ಸುತ್ತಿಕೊಂಡು ಜಾಲಿ ಕಾಡಿನೊಳಗೆ ಆರು ಮೈಲಿ. ನೀರು ಬಂತೆಂದು ಊರೆಲ್ಲ ಹಬ್ಬ ಮಾಡುವ ವರ್ಷವೇ ಸ್ಕೂಲಿಗೆ ಹೋಗುವ ಹುಡುಗಿಯರಿಗೆ ಕಷ್ಟ. ಇದಕ್ಕೆಂದೇ ನಮ್ಮ ಚಿಕ್ಕಪ್ಪ, ಅಪ್ಪನ ತಮ್ಮ ನಾರಾಯಣಪ್ಪ, ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರು ಡ್ರಮ್ಮುಗಳನ್ನು ತಂದು, ಬಾಯಿ ಬೆಸುಗೆ ಹಾಕಿಸಿ, ಎರಡು ಸಾಲು ಜೋಡಿಸಿ, ಮೇಲೆ ಹಲಗೆ ಹೊಡೆದು ಒಂದು ದೋಣಿ ಮಾಡಿದ್ದ. ಬಿಸಿಲಿಗೆಂದು ನಾಲ್ಕು ಕಂಬ ನಿಲ್ಲಿಸಿ ತೆಂಗಿನ ಗರಿ ಹೊದಿಸಿದ್ದ. ದೂರದಿಂದ ನೋಡಿದರೆ ಮದುವೆ ಚಪ್ಪರವೊಂದು ಕಿತ್ತುಕೊಂಡು ನೀರಿಗೆ ಹೊರಟ ಹಾಗೆ ಕಾಣುತ್ತಿತ್ತು. ಅದಕ್ಕೇ ಊರವರು ಅದನ್ನು ದೋಣಿ ಅನ್ನಲಿಲ್ಲ, ಚಪ್ಪರ ಅಂದರು. “ಚಪ್ಪರ ಬಂತಾ?” “ಚಪ್ಪರ ಹೋಯ್ತಾ?” ಎಂದು ದಡದಲ್ಲಿ ಜನ ಕೇಳುವುದನ್ನು ಹೊಸಬರು ಕೇಳಿದರೆ ಗಾಬರಿಯಾಗಬೇಕು. ಹಾಲಿನ ಕ್ಯಾನು, ರೇಷ್ಮೆ ಗೂಡಿನ ಮೂಟೆ, ಬಾಣಂತಿ, ಮೇಕೆಮರಿ, ಎಲ್ಲವೂ ಅದರ ಮೇಲೆ ದಾಟಿವೆ. ಹಿಂದುಗಡೆಯ ಹಲಗೆಗೆ ಕಚ್ಚಿಸಿದ್ದ ಒಂದು ಮೋಟರು ಅದನ್ನು ತಳ್ಳುತ್ತಿತ್ತು. ಮಂಗಳೂರಿನ ಕಡೆ ಲಾರಿ ಹೊಡೆಯುತ್ತಿದ್ದ ನೆಂಟರೊಬ್ಬರು ಮೀನುಗಾರರಿಂದ ತಂದುಕೊಟ್ಟ ಹಳೆಯ ಮೋಟರು ಅದು. ಮೇಲೆ ತಲೆ, ನಡುವೆ ಉದ್ದನೆಯ ಕಾಲು, ಕಾಲಿನ ತುದಿಗೆ ಮೂರು ರೆಕ್ಕೆಯ ಫ್ಯಾನು. ಹಗ್ಗ ಎಳೆದರೆ ಹೊತ್ತಿಕೊಳ್ಳುತ್ತಿತ್ತು, ಹೊಗೆ ಬಿಡುತ್ತಿತ್ತು. ಐದು ಎಚ್‌ಪಿ ಅದು.

ನಾನು ಹತ್ತನೇ ತರಗತಿಗೆ ಬಂದ ವರ್ಷ ಕೆರೆ ಕೋಡಿ ಹರಿಯಿತು. ಅದೇ ವರ್ಷ, ದಸರಾ ರಜೆಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ, ಆ ಮೋಟರು ನಡು ಕೆರೆಯಲ್ಲಿ ಒಂದು ಸಲ ಕೆಮ್ಮಿ ಹಿಡಿದುಕೊಂಡಿತು. ಚಿಕ್ಕಪ್ಪ ಬಿದಿರು ಗಳುವಿನಲ್ಲಿ ನೀರು ಬಡಿದು, ತಳ ಸಿಕ್ಕಮೇಲೆ ಊರಿ ತಳ್ಳಿ, ಹೇಗೋ ದಡ ಸೇರಿಸಿದ. ಗಳು ಹಾಕಿ ದಿನವೂ ಹೋಗಿಬರುವುದು ಆಗದ ಮಾತು, ನಡುವೆ ನೀರು ಗಳುವಿಗೆ ಮೀರಿದ ಆಳ. ಅವತ್ತು ಸಂಜೆ ಅವ್ವ ಹಜಾರದಲ್ಲಿ ಕೂತು ಎಲ್ಲರೂ ಕೇಳುವ ಹಾಗೆ ಹೇಳಿದಳು: “ಪೆದ್ದೋಡಾ, ಹಬ್ಬದ ರಜ ಮುಗಿಯೋದ್ರೊಳ್ಗೆ ಚಪ್ಪರ ನಡೀಬೇಕು. ಇಲ್ಲಾ ಅಂದ್ರೆ ರತ್ನಮ್ಮ ಮನೇಲಿರ್ಲಿ. ಜಾಲಿ ಗಿಡದ ಸಂದೀಲಿ ಆರು ಮೈಲಿ ಹುಡ್ಗೀನ ಕಳ್ಸಿ ನಾನು ಎದೆ ಹಿಡ್ಕೊಂಡು ಕೂತ್ಕೋಳಕ್ಕಾಗಲ್ಲ. ಚಿಂತಾಮಣಿ ಕಡೆಯೋರು ಕೇಳ್ತಾನೇ ಅವ್ರೆ.”

ರತ್ನಮ್ಮ ಎಂದರೆ ನಾನು. ಚಿಂತಾಮಣಿ ಕಡೆಯವರು ಎಂದರೆ ಹುಡುಗನ ಕಡೆಯವರು. ಅಪ್ಪ ಜಾಸ್ತಿ ಮಾತಿನವರಲ್ಲ. “ಆಗ್ಲಿ, ನೋಡಣ” ಅಂದರು. ಅವರ ‘ನೋಡಣ’ದಲ್ಲಿ ಹೌದೂ ಇರುತ್ತಿತ್ತು, ಇಲ್ಲವೂ ಇರುತ್ತಿತ್ತು. ಅವ್ವ ಕೆಟ್ಟವಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳ ಭಯ ಭಯವೇ ಆಗಿತ್ತು, ನೆಪವಾಗಿರಲಿಲ್ಲ. ಆದರೆ ಹದಿನೈದು ವರ್ಷದ ಹುಡುಗಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ನನಗೆ ಓದಿ ಏನೋ ಆಗಬೇಕೆಂಬ ದೊಡ್ಡ ಕನಸೇನೂ ಇರಲಿಲ್ಲ. ಶುರು ಮಾಡಿದ ಪುಸ್ತಕ ಕೊನೆಯವರೆಗೆ ಓದಬೇಕು, ಎಲ್ಲರ ಜೊತೆ ಪರೀಕ್ಷೆಗೆ ಕೂರಬೇಕು, ಅಷ್ಟೇ.

ಹೊಸ ಮೋಟರು ಹುಡುಕುವ ಕೆಲಸ ಚಿಕ್ಕಪ್ಪನದಾಯಿತು. ನಮ್ಮ ಕಡೆ ಮೋಟರು ಎಂದರೆ ಒಂದೇ ಅರ್ಥ, ಬೋರಿಗೆ ಬಿಡುವ ಮೋಟರು. ಆಗಲೇ ಎಲ್ಲರ ಹೊಲದಲ್ಲೂ ಬೋರು ಕೊರೆಸುವ ಭರಾಟೆ ಶುರುವಾಗಿತ್ತು. ಇಬ್ಬರು ಗಂಡಸರು ಕೂತರೆ ಮಾತು ಎರಡೇ: ಎಷ್ಟು ಅಡಿ, ಎಷ್ಟು ಎಚ್‌ಪಿ. ನೀರು ಕಡಿಮೆಯಾಯಿತೋ, ಎಚ್‌ಪಿ ಜಾಸ್ತಿ ಮಾಡು. ಹಾಗಾಗಿ ಚಿಕ್ಕಪ್ಪನಿಗೆ ಹಳೆಯ ಮೋಟರು ಸತ್ತದ್ದಕ್ಕೆ ಕಾರಣವೂ ಸುಲಭವಾಗಿ ಸಿಕ್ಕಿತು. “ಐದು ಎಚ್‌ಪೀಲಿ ಇಷ್ಟು ದಿನ ಎಳ್ದಿದ್ದೇ ಹೆಚ್ಚು. ಪಾಪ, ಶಕ್ತಿ ಸಾಲ್ದೆ ಸತ್ತೋಯ್ತು” ಎಂದು ಸತ್ತವರ ಬಗ್ಗೆ ಮಾತಾಡುವ ಹಾಗೆ ಮಾತಾಡಿದ. ಅದನ್ನು ಕಳಚಿ ಗುಜರಿಗೆ ಹಾಕುವಾಗ ಅದರ ಕಾಲು ಎಷ್ಟು ಉದ್ದವಿತ್ತು ಎಂದು ಅವನೂ ನೋಡಲಿಲ್ಲ, ಬೇರೆ ಯಾರೂ ನೋಡಲಿಲ್ಲ.

ಗೌರಿಬಿದನೂರಿನಲ್ಲಿ ಬೋರಿನ ಮೋಟರು ರಿಪೇರಿ ಮಾಡುವ ಬಾಷಾ ಸಾಬರು ಎಂಬುವರಿದ್ದರು. ಸುಟ್ಟುಹೋದ ಮೋಟರಿಗೆ ಹೊಸ ತಂತಿ ಸುತ್ತುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಮಂಗಳೂರಿನ ಅದೇ ಲಾರಿ ನೆಂಟರಿಗೆ ಹೇಳಿ ಎರಡು ಹಳೆಯ ದೋಣಿ ಮೋಟರು ತರಿಸಿ ಅವರ ಅಂಗಡಿಯಲ್ಲಿ ಇಳಿಸಿದ್ದಾಯಿತು. ಯಾವುದು ಬೇಕೋ ಆರಿಸಿಕೊಂಡು ಇನ್ನೊಂದು ವಾಪಸ್ಸು ಕೊಡುವ ಮಾತು. ಒಂದು ಕರ್ರಗೆ ದಪ್ಪಗೆ, ಇಪ್ಪತ್ತೈದು ಎಚ್‌ಪಿ. ಇನ್ನೊಂದು ನೀಲಿ ಬಣ್ಣ ಮಾಸಿದ, ಕೊಕ್ಕರೆಯಂತೆ ಕಾಲು ಉದ್ದದ, ಎಂಟು ಎಚ್‌ಪಿ. ಚಿಕ್ಕಪ್ಪ ಎರಡನೆಯದರ ಕಡೆ ತಿರುಗಿಯೂ ನೋಡಲಿಲ್ಲವಂತೆ. ಕರಿ ಮೋಟರನ್ನು ನಾಲ್ಕು ಜನ ಎತ್ತಿ ಟ್ರ್ಯಾಕ್ಟರಿಗೆ ಹಾಕಿದರು. ಅದು ಊರಿಗೆ ಬಂದದ್ದು ಆಯುಧಪೂಜೆಯ ದಿನ. ನೇಗಿಲು, ಮಚ್ಚು, ಹೊಲಿಗೆ ಮಿಷನ್ನಿನ ಸಾಲಿನಲ್ಲಿ ಅದನ್ನೂ ಕೂರಿಸಿ, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಅವ್ವನೇ ಬೂದುಗುಂಬಳ ನಿವಾಳಿಸಿದಳು. ನಾನು ಎಲ್ಲರಿಗಿಂತ ಹಿಂದೆ ನಿಂತು, ಎಲ್ಲರಿಗಿಂತ ಜಾಸ್ತಿ ಹೊತ್ತು ಕೈಮುಗಿದೆ.

ವಿಜಯದಶಮಿ ಬೆಳಿಗ್ಗೆ ಊರೇ ಏರಿ ಮೇಲೆ ಬಂದು ನಿಂತಿತು. ಕರಿ ಮೋಟರನ್ನು ಚಪ್ಪರದ ಹಿಂದಿನ ಹಲಗೆಗೆ ಕಚ್ಚಿಸಿ ಚಿಕ್ಕಪ್ಪ ಹಗ್ಗ ಎಳೆದ. ಅಬ್ಬಾ, ಎಂಥ ಸದ್ದು! ಏರಿಯ ಹುಣಸೆ ಮರದಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದವು. ಮೋಟರು ಅರಚಿತು, ಹಿಂದೆ ನೀರು ಬಿಳಿ ನೊರೆಯಾಗಿ ಆಳೆತ್ತರ ಚಿಮ್ಮಿ ಚಿಕ್ಕಪ್ಪನ ಹೊಸ ಶರಟು ತೊಯ್ದಿತು. ಚಪ್ಪರ ಮಾತ್ರ ಇದ್ದಲ್ಲಿಂದ ಒಂದು ಮಾರೂ ಮುಂದೆ ಹೋಗಲಿಲ್ಲ. ಡ್ರಮ್ಮಿನ ಮೇಲೆ ಹಲಗೆ, ಹಲಗೆಯ ಮೇಲೆ ಇನ್ನೊಂದು ಹಲಗೆ. ಅಷ್ಟು ಎತ್ತರದಿಂದ ಇಳಿಬಿಟ್ಟ ಗಿಡ್ಡ ಕಾಲು ನೀರಿನ ಮೇಲಷ್ಟೇ ಮುಟ್ಟುತ್ತಿತ್ತು, ಫ್ಯಾನು ಅರ್ಧ ಗಾಳಿಯಲ್ಲೇ ತಿರುಗುತ್ತಿತ್ತು. ಇದು ನನಗೆ ಆಮೇಲೆ ತಿಳಿದದ್ದು. ಅವತ್ತು ಯಾರಿಗೂ ಏನೂ ತಿಳಿಯಲಿಲ್ಲ. ಅವ್ವ ಏರಿಯ ಮೇಲಿಂದ ಕೂಗಿದಳು:

“ಏಮ್ರಾ ನಾರಾಯಣಾ, ನೀಳ್ಳು ಪಡಲೇದಾ?”

ನೀರು ಬೀಳಲಿಲ್ಲವೇನೋ ಎಂದು ಕೇಳಿದ್ದು. ಬೋರು ಕೊರೆಸುವಲ್ಲಿ, ಕಲ್ಲುಪುಡಿ ಬಿಟ್ಟು ಬೇರೇನೂ ಬಾರದೆ ಮುಖ ಸಣ್ಣಗೆ ಮಾಡಿಕೊಂಡು ನಿಂತವನಿಗೆ ದಾರಿಹೋಕರು ಕೇಳುವ ಮಾತು ಅದು. ಕೋಡಿ ಹರಿಯುವ ಕೆರೆಯ ನಡುವೆ ನಿಂತು ನೀರು ಸಿಗದ ಮೋಟರು! ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಇನ್ನೂ ನೂರು ಅಡಿ ಕೊರ್ಸೋ ನಾರಾಯಣಪ್ಪ” ಎಂದ ಒಬ್ಬ. “ಪಾಯಿಂಟ್ ಮಾಡ್ಸಿರ್ಲಿಲ್ವಾ? ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನೀರು ಹುಡ್ಕೋರನ್ನ ಕರ್ಸು” ಎಂದ ಇನ್ನೊಬ್ಬ. ಚಿಕ್ಕಪ್ಪನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಮಾರನೆಯ ದಿನ ಬಾಷಾ ಸಾಬರೇ ಬಂದು, ಕಬ್ಬಿಣದ ಪಟ್ಟಿ ಬೆಸೆದು ಮೋಟರನ್ನು ಒಂದು ಅಡಿ ಕೆಳಗೆ ಇಳಿಸಿ ನೋಡಿದರು. ಆಗ ಮೋಟರಿನ ಜೊತೆ ಪಟ್ಟಿಯ ಭಾರವೂ ಸೇರಿ ಹಿಂದಿನ ಡ್ರಮ್ಮುಗಳು ಕುಸಿದು ಹಲಗೆಯ ಮೇಲೆ ನೀರು ಬಂತು, ಮೋಟರಿನ ತಲೆಯೂ ತೊಯ್ದು ನಿಂತುಹೋಯಿತು. “ಬೋರಲ್ಲಾದ್ರೆ ನೆನ್ದ್ರೇನೇ ಓಡತ್ತೆ, ಇದು ನೆನ್ದ್ರೆ ಸಾಯತ್ತೆ. ಉಲ್ಟಾ ಜಾತಿ ಸ್ವಾಮಿ ಇದು” ಎಂದು ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಸ್ಕೂಲು ತೆರೆಯಲು ಐದು ದಿನ ಉಳಿದಿತ್ತು.

ಅವತ್ತು ಮಧ್ಯಾಹ್ನ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ಅಮ್ಮ ನನ್ನ ತಟ್ಟೆಗೆ ಹಾಕಿದ ಒಬ್ಬಟ್ಟನ್ನು ನಾನು ತಮ್ಮನ ತಟ್ಟೆಗೆ ಹಾಕಿದೆ. ಹಬ್ಬ ಶುರುವಾದಾಗಿನಿಂದ ಹಾಗೇ ಮಾಡುತ್ತಿದ್ದೆ. ಪಾಯಸ ಮುಟ್ಟಿರಲಿಲ್ಲ, ಕಡಲೆಕಾಯಿ ಜೊತೆ ಕೊಡುವ ಬೆಲ್ಲದ ಚೂರನ್ನೂ ಬಾಯಿಗೆ ಹಾಕಿರಲಿಲ್ಲ. ಬೇರೆ ಯಾರೂ ಗಮನಿಸದ್ದನ್ನು ಅವ್ವ ಗಮನಿಸಿದ್ದಳು. ಊಟವಾದ ಮೇಲೆ ತಣ್ಣನೆಯ ಗೋಡೆಗೆ ಒರಗಿ ಕೂತವಳು ನನ್ನನ್ನು ಹತ್ತಿರ ಕರೆದಳು.

“ಏನೇ ತಾಯೀ, ಒಬ್ಬಟ್ಟು ಅಂದ್ರೆ ಪ್ರಾಣ ಬಿಡ್ತಿದ್ದೋಳು. ಹಲ್ಲು ನೋವಾ?”

“ಇಲ್ಲ.”

“ಮತ್ತೆ? ನನ್ ಮೇಲೆ ಸಿಟ್ಟಾ?”

ಸುಳ್ಳು ಹೇಳಲು ಆಗಲಿಲ್ಲ. “ಹರಕೆ” ಅಂದೆ. “ಮೋಟರ್‌ಗೆ ನೀರು ಬೀಳೋವರ್ಗೂ ಬೆಲ್ಲ ಮುಟ್ಟಲ್ಲ ಅಂತ ಗಂಗಮ್ಮನಿಗೆ ಹೇಳ್ಕೊಂಡಿದೀನಿ.”

ಅವ್ವನ ಕೈಯಲ್ಲಿದ್ದ ಎಲೆಯಡಿಕೆ ಬಾಯಿಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಏನನ್ನು ಬೇಕಾದರೂ ಮುಂದೂಡಬಹುದಿತ್ತು, ಗಂಗಮ್ಮನಿಗೆ ಹೇಳಿಕೊಂಡ ಮಾತನ್ನಲ್ಲ. ಹರಕೆ ಹೊತ್ತವರು ಯಾರೇ ಇರಲಿ, ಹಸುಗೂಸೇ ಇರಲಿ, ಅದನ್ನು ತೀರಿಸುವ ಭಾರ ಇಡೀ ಮನೆಯದು. ಇದು ಅವ್ವನೇ ನಮಗೆಲ್ಲ ಕಲಿಸಿದ ಪಾಠ. ಬೆಲ್ಲವಿಲ್ಲದೆ ಸಂಕ್ರಾಂತಿ ಬರುತ್ತದೆ, ಯುಗಾದಿ ಬರುತ್ತದೆ, ಹುಡುಗಿಯ ಮದುವೆಯೂ ಬರುತ್ತದೆ; ಬೆಲ್ಲ ಮುಟ್ಟದ ಮದುಮಗಳನ್ನು ಯಾವ ಬಾಯಲ್ಲಿ ಹಸೆಗೆ ಕೂರಿಸುವುದು? ಅವಳ ಮುಖದ ಮೇಲೆ ಇದೆಲ್ಲ ಒಂದೊಂದಾಗಿ ಹಾದುಹೋಯಿತು. ಆಮೇಲೆ ಪಟದ ಕಡೆ ನೋಡಿ, ನನಗಲ್ಲ, ಗಂಗಮ್ಮನಿಗೇ ಅಂದಳು: “ನೀನೂ ಇವ್ಳ ಕಡೇನಾ?” ಗಂಗಮ್ಮನ ಮೇಲೆ ಅಷ್ಟು ಸಲಿಗೆ ಇತ್ತು ಅವಳಿಗೆ.

ಬಿಸಿಲು ಇಳಿಯುವ ಮುಂಚೆ ಅವ್ವ ಕೆರೆಗೆ ಹೊರಟಳು. ಕೈಯಲ್ಲಿ ಹಳೆಯ ಬಾವಿ ಹಗ್ಗ. ನಾನು ಹಿಂದೆ ಹೋದೆ. ಚಪ್ಪರಕ್ಕೆ ಕಾಲಿಟ್ಟವಳೇ ಅಲ್ಲ ಅವಳು, ನೀರೆಂದರೆ ಅಷ್ಟು ಹೆದರಿಕೆ. ಅವತ್ತು ನನ್ನ ಭುಜ ಹಿಡಿದುಕೊಂಡು ಹತ್ತಿದಳು. ಮೋಟರು ಬಿಚ್ಚಿ ತೆಗೆದಿದ್ದ ಹಿಂದಿನ ಹಲಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಹಗ್ಗ ಇಳಿಬಿಟ್ಟಳು. ಹಲಗೆಯ ಅಂಚಿಗೆ ಒಂದು ಗಂಟು, ನೀರು ಮುಟ್ಟಿದಲ್ಲಿ ಒಂದು ಗಂಟು, ಅದರ ಕೆಳಗೆ ಒಂದು ಗೇಣು ಬಿಟ್ಟು ಇನ್ನೊಂದು ಗಂಟು. “ಗೇಣು ಯಾಕವ್ವ?” ಎಂದೆ. ನನ್ನನ್ನು ಅವಳು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. “ಬಾವೀಲಿ ನೀರು ಸೇದಿಲ್ವೇನೇ ನೀನು? ಬಿಂದಿಗೆ ಮುಳುಗ್ದೆ ನೀರು ಹೆಂಗೆ ಬರತ್ತೆ? ಬೆಳ್ಳಿ ಬಿಂದಿಗೆ ಆದ್ರೂ ಅಷ್ಟೇ, ತೂತು ಬಿಂದಿಗೆ ಆದ್ರೂ ಅಷ್ಟೇ, ಮೊದ್ಲು ಮುಳುಗ್ಬೇಕು. ಗಂಡಸರು ಬಾವಿ ಬಿಟ್ಟು ಬೋರಿಗೆ ಹೋದ್ರು ನೋಡು, ಇದೆಲ್ಲ ಮರ್ತೋದ್ರು.”

ಮಾರನೆಯ ದಿನ ಅವ್ವ, ಅಪ್ಪ, ಚಿಕ್ಕಪ್ಪ ಕರಿ ಮೋಟರನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು ಗೌರಿಬಿದನೂರಿಗೆ ಹೋದರು. ಅಳುವವಳ ಹಾಗೆ ನಿಂತಿದ್ದ ನನ್ನನ್ನೂ ಅವ್ವ ಕರೆದುಕೊಂಡಳು. ಬಾಷಾ ಸಾಬರ ಅಂಗಡಿ ಎಂದರೆ ಕರಿ ಎಣ್ಣೆ ಇಂಗಿದ ನೆಲ, ತಾಮ್ರದ ತಂತಿಯ ಸುರುಳಿಗಳು, ಗೋಡೆಗೆ ಒರಗಿಸಿದ ಬೋರಿನ ಮೋಟರುಗಳು. ಅವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟು ದೇವಸ್ಥಾನಕ್ಕೆ ಹೋದ ಹಾಗೆ ಒಳಗೆ ಹೋದಳು. ಬಾಷಾ ಸಾಬರು ಎದ್ದು ಸ್ಟೂಲು ಒರೆಸಿಕೊಟ್ಟರು.

“ಅಮ್ಮಾ, ನೀವ್ಯಾಕೆ ಬರೋಕೆ ಹೋದ್ರಿ? ಹೇಳಿಕಳ್ಸಿದ್ರೆ ನಾನೇ ಬರ್ತಿದ್ದೆ.”

“ನೀನು ಬಂದು ನೋಡ್ದಲ್ಲಪ್ಪ ಒಂದ್ಸಲ, ಸಾಕು” ಎಂದಳು ಅವ್ವ. “ಎಲ್ಲಿ, ಆ ಇನ್ನೊಂದನ್ನ ನೆಟ್ಟಗೆ ನಿಲ್ಸು.”

ನೀಲಿ ಮೋಟರನ್ನು ಮರದ ಹಲಗೆಗೆ ಕಚ್ಚಿಸಿ ನಿಲ್ಲಿಸಿದರು. ಅವ್ವ ಹಗ್ಗದ ಮೊದಲ ಗಂಟನ್ನು ಮೋಟರು ಕಚ್ಚುವ ಜಾಗಕ್ಕೆ ಹಿಡಿದು ಕೆಳಗೆ ಬಿಟ್ಟಳು. ಎರಡನೆಯ ಗಂಟು ಕಾಲಿನ ನಡುವೆ ಬಂತು. ಮೂರನೆಯ ಗಂಟು ಸರಿಯಾಗಿ ಫ್ಯಾನಿನ ನೆತ್ತಿಗೆ ಬಂದು ಕೂತಿತು. ಪಕ್ಕದಲ್ಲೇ ಕರಿ ಮೋಟರಿಗೂ ಹಿಡಿದು ತೋರಿಸಿದಳು. ಅದರ ಫ್ಯಾನು ಎರಡನೆಯ ಗಂಟಿನ ಸುತ್ತಲೇ ಇತ್ತು. ಬಾಷಾ ಸಾಬರು ಹಗ್ಗವನ್ನು ಒಂದು ಸಲ, ಅವ್ವನನ್ನು ಒಂದು ಸಲ ನೋಡಿ, ಹಣೆ ಹೊಡೆದುಕೊಂಡರು. “ಯಾ ಅಲ್ಲಾ! ಮೋಟರ್ ಎಷ್ಟು ಅಡಿ ಬಿಡ್ಬೇಕು ಅಂತ ದಿನಾ ಹತ್ತು ಜನಕ್ಕೆ ಹೇಳೋನು ನಾನು. ಇದಕ್ಕೆ ಕೇಳ್ಲೇ ಇಲ್ವಲ್ಲ!”

ಚಿಕ್ಕಪ್ಪನಿಗೆ ಇನ್ನೂ ಮನಸ್ಸು ಒಪ್ಪಿರಲಿಲ್ಲ. “ಅದ್ಸರಿ ಅಮ್ಮ, ಆದ್ರೂ ಎಂಟೇ ಎಚ್‌ಪಿ. ಇಪ್ಪತ್ತು ಜನ, ಹಾಲಿನ ಕ್ಯಾನು... ಎಳ್ಯಲ್ಲ ಇದು. ಜನ ನಗ್ತಾರೆ.”

“ಮೊನ್ನೆ ನಕ್ಕಿದ್ದು ಸಾಲ್ದೇನೋ?” ಎಂದಳು ಅವ್ವ.

ಬಾಷಾ ಸಾಬರು ಅಷ್ಟರಲ್ಲಿ ನೀಲಿ ಮೋಟರಿನ ಫ್ಯಾನಿನ ಮೇಲೆ ಕೈಯಾಡಿಸುತ್ತಿದ್ದರು. “ನಾರಾಯಣಪ್ಪಾ, ಇದ್ರ ರೆಕ್ಕೆ ನೋಡು, ಮೊರದ ಹಂಗೆ ಅಗ್ಲ ಇದೆ. ಅದ್ರದ್ದು ಸಣ್ಣ, ಜೋರಾಗಿ ಓಡಕ್ಕೆ. ನಿನ್ ಚಪ್ಪರ ಎಮ್ಮೆ ಕಣಪ್ಪ. ಎಮ್ಮೆಗೆ ರೇಸ್ ಕುದ್ರೆ ಚಾಟಿ ಯಾಕೆ? ಹಿಂದಿಂದ ಮೆಲ್ಲಗೆ ತಳ್ಳೋರು ಸಾಕು.” ಅಪ್ಪ ಅವತ್ತು ಬಾಯಿ ಬಿಟ್ಟದ್ದು ಆಗಲೇ. “ಆಗ್ಲಿ, ತಗೊಳ್ಳಣ” ಅಂದರು. ಜೀವಮಾನದಲ್ಲಿ ಅಪ್ಪನ ಬಾಯಿಂದ ‘ನೋಡಣ’ ಅಲ್ಲದ ಮಾತು ಬಂದ ದಿನಗಳನ್ನು ನಾನು ಎಣಿಸಿಟ್ಟುಕೊಂಡಿದ್ದೇನೆ; ಅದು ಒಂದು.

ನೀಲಿ ಮೋಟರಿಗೆ ಯಾರೂ ಹಾರ ಹಾಕಲಿಲ್ಲ, ಜನ ಸೇರಲಿಲ್ಲ. ಚಿಕ್ಕಪ್ಪ ಮೂರು ಸಲ ಹಗ್ಗ ಎಳೆದ ಮೇಲೆ ಅದು ಹೊತ್ತಿಕೊಂಡಿತು. ಸದ್ದೇ ಇಲ್ಲ, ನಿದ್ದೆಯಲ್ಲಿ ಗೊಣಗುವವರ ಹಾಗೆ ಗುರ್ ಅಂದಿತು. ನೊರೆಯೂ ಏಳಲಿಲ್ಲ. ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನಾವು ಹಿಂದೆ ಬಗ್ಗಿ ನೋಡುತ್ತಿರುವಾಗಲೇ ಏರಿಯ ಹುಣಸೆ ಮರ ಹಿಂದಕ್ಕೆ ಸರಿಯತೊಡಗಿತು. “ಬಿತ್ತು, ಬಿತ್ತು! ನೀರು ಬಿತ್ತು!” ಎಂದು ಕೂಗಿದವನು ಚಿಕ್ಕಪ್ಪ. ದಡದಲ್ಲಿ ಅವ್ವ ಸೆರಗಿನ ಗಂಟು ಬಿಚ್ಚುತ್ತಿದ್ದಳು. ನಾವು ಒಂದು ಸುತ್ತು ಹೋಗಿಬಂದು ಇಳಿದಾಗ ಅದರೊಳಗಿದ್ದ ಬೆಲ್ಲದ ಚೂರನ್ನು ನನ್ನ ಬಾಯಿಗೆ ಹಾಕಿ, “ತೀರ್ತು ಕಣೇ. ಇನ್ಮೇಲೆ ಇಂಥ ಹರಕೆ ಹೊರೋ ಮುಂಚೆ ನನ್ನ ಒಂದ್ಮಾತು ಕೇಳು” ಎಂದಳು.

ಅಲ್ಲಿಗೆ ಮುಗಿಯಲಿಲ್ಲ. ಸ್ಕೂಲು ತೆರೆದ ದಿನ ಅವ್ವ ಮಡಿಸೀರೆ ಉಟ್ಟು, ಒಂದು ಕುಕ್ಕೆ ಕಡಲೆಕಾಯಿ ಇಟ್ಟುಕೊಂಡು ಚಪ್ಪರದಲ್ಲಿ ಎಲ್ಲರಿಗಿಂತ ಮುಂಚೆ ಕೂತಿದ್ದಳು. “ಹೊಸ ಮೋಟರು, ನಂಬಕ್ಕಾಗಲ್ಲ. ಒಂದ್ವಾರ ನೋಡ್ತೀನಿ” ಎಂದಳು. ನಡು ಕೆರೆ ಬಂದಾಗ ಕಣ್ಣು ಮುಚ್ಚಿ ಗಂಗಮ್ಮನ ಹೆಸರು ಹೇಳಿಕೊಳ್ಳುತ್ತಿದ್ದಳು, ಅವಳ ಕೈ ನನ್ನ ಲಂಗದ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಆ ಹೊಗೆ ನಮ್ಮಿಬ್ಬರ ಸುತ್ತಲೂ ಸುಳಿದು ನೀರಿನ ಮೇಲೆ ಹರಡುತ್ತಿತ್ತು. ಆಚೆ ದಡ ಸೇರಿ, ಸ್ಕೂಲಿನ ಜಗಲಿಯ ಮೇಲೆ ನಮ್ಮ ಕ್ಲಾಸಿನ ಕಿಟಕಿಯ ಕೆಳಗೆ ಕೂತು, ಸಂಜೆ ನಾಲ್ಕರವರೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ನಾಚಿಕೆಯಿಂದ ತಲೆಯೆತ್ತುತ್ತಿರಲಿಲ್ಲ. ಆದರೆ ಮೂರನೆಯ ದಿನ ಮೇಷ್ಟರು ಲೆಕ್ಕ ಹೇಳಿ ಯಾರಾದರೂ ಉತ್ತರ ಕೊಡಿ ಎಂದು ಕಾಯುತ್ತಿದ್ದಾಗ, ಸಿಪ್ಪೆ ಒಡೆಯುವ ಸದ್ದು ನಿಂತುಹೋಗಿತ್ತು. ಕಿಟಕಿಯ ಕೆಳಗೆ ಅವ್ವನೂ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಎದ್ದು ನಿಂತು ಹೇಳಿದೆ. ಸರಿ ಎಂದರು ಮೇಷ್ಟರು. ಸಿಪ್ಪೆಯ ಸದ್ದು ಮತ್ತೆ ಶುರುವಾಯಿತು. ಅವ್ವನ ಒಂದು ವಾರ ಮೂರು ವಾರವಾಯಿತು. ಮೋಟರಿನ ಮೇಲಿನ ಅನುಮಾನ ತೀರಲಿಲ್ಲವೋ, ಪಾಠ ಮುಗಿಯಲಿಲ್ಲವೋ, ನಾನು ಕೇಳಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ಬರೆದೆ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ದೊಡ್ಡ ಮಾತೇನಲ್ಲ, ಆದರೆ ಪಾಸಾದೆ. ಅದಾಗಿ ಎರಡು ವರ್ಷಕ್ಕೆ ಚಿಕ್ಕಬಳ್ಳಾಪುರದಿಂದ ನನ್ನನ್ನು ನೋಡಲು ಬಂದರು. ಅವರ ಕಡೆಯ ಹಿರಿಯರೊಬ್ಬರು ಹುಡುಗಿ ಎಲ್ಲಿಯವರೆಗೆ ಓದಿದ್ದಾಳೆ ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: “ಕೆರೆ ದಾಟಿ ಓದವ್ಳೆ.” ಹಿರಿಯರಿಗೆ ಅರ್ಥವಾಗಲಿಲ್ಲ, ಇದ್ಯಾವ ಡಿಗ್ರಿ ಎಂಬಂತೆ ನೋಡಿದರು. ನನಗೆ ಅರ್ಥವಾಯಿತು. ಈಗ ಮಕ್ಕಳ ಅರ್ಜಿಗಳಲ್ಲಿ ತಾಯಿಯ ವಿದ್ಯಾಭ್ಯಾಸ ಎಂಬ ಕಡೆ ನಾನು ಎಸ್ಸೆಸ್ಸೆಲ್ಸಿ ಎಂದು ಬರೆಯುತ್ತೇನೆ, ಮನಸ್ಸಿನಲ್ಲಿ ಅವ್ವನ ಮಾತನ್ನೇ ಓದಿಕೊಳ್ಳುತ್ತೇನೆ. ದೇವರು ದೊಡ್ಡದನ್ನು ಕೊಡಲಿಲ್ಲ ಎಂದು ಕೊರಗುವವರನ್ನು ನೋಡಿದಾಗ, ನನಗೆ ಅವನು ಅಳತೆ ನೋಡಿ ಕೊಟ್ಟಿದ್ದಾನೆ ಅನ್ನಿಸುತ್ತದೆ.

ಆ ಮನೆ ಈಗಿಲ್ಲ. ಅವ್ವ ಹೋದಳು, ಅಪ್ಪ ಹೋದರು, ಚಿಕ್ಕಪ್ಪನೂ ಹೋದ. ನಡುವೆ ಕೆರೆ ಬತ್ತಿತು. ಒಂದು ವರ್ಷ ಅಲ್ಲ, ಹುಟ್ಟಿದ ಮಕ್ಕಳು ದೊಡ್ಡವರಾಗಿ ಕೆರೆ ಎಂದರೆ ಆಟದ ಬಯಲು ಎಂದುಕೊಳ್ಳುವಷ್ಟು ವರ್ಷ. ಚಪ್ಪರ ಒಣ ಮಣ್ಣಿನ ಮೇಲೆ ಕೂತಲ್ಲೇ ಹಲಗೆ ಬಿರಿಯಿತು. ನೀಲಿ ಮೋಟರು ಯಾವಾಗ ಯಾರ ಕೈಗೆ ಹೋಯಿತೋ ನೆನಪಿಲ್ಲ. ಡ್ರಮ್ಮುಗಳನ್ನು ಮಾತ್ರ ಊರವರು ಬಿಚ್ಚಿಕೊಂಡು, ಬಾಯಿ ಕೊಯ್ದು, ಟ್ಯಾಂಕರ್ ನೀರು ತುಂಬಿಸಿಡಲು ಮನೆ ಮುಂದೆ ಇಟ್ಟುಕೊಂಡರು. ಯಾರ ಮನೆಗೆ ಹೋದರೂ ಕಾಲು ತೊಳೆಯಲು ಅದರಿಂದಲೇ ನೀರು ಕೊಡುತ್ತಿದ್ದರು. ನಾನು ತಂಬಿಗೆ ಹಿಡಿದು ನಿಂತಾಗಲೆಲ್ಲ, ನೀರನ್ನು ಹೊರಗಿಟ್ಟು ನಮ್ಮನ್ನು ತೇಲಿಸಿದ ಡ್ರಮ್ಮು ಈಗ ನೀರನ್ನು ಒಳಗಿಟ್ಟುಕೊಂಡು ಕಾಯುತ್ತಿದೆಯಲ್ಲ ಎಂದು ಅದರ ಹೊಟ್ಟೆ ಸವರಿ ಬಂದಿದ್ದೇನೆ. ಏರಿ ಅಗಲ ಮಾಡುವಾಗ ನಮ್ಮ ಕಲ್ಲು ಮನೆಯ ಗೋಡೆಗಳೂ ಹೋದವು.

ಮೊನ್ನೆ ಕಾರ್ತಿಕದಲ್ಲಿ ಗಂಗಮ್ಮನಿಗೆ ಮಡಿಲಕ್ಕಿ ತುಂಬಲು ಹೋಗಿದ್ದೆ. ಈ ಎರಡು ಮೂರು ವರ್ಷದ ಮಳೆಗೆ ಕೆರೆ ಮತ್ತೆ ತುಂಬಿದೆ. ಹಳೆಯ ಗಾಡಿ ದಾರಿ ಇದ್ದಲ್ಲಿ ಈಗ ಉದ್ದನೆಯ ಸೇತುವೆ. ನಾನು ಅದರ ಮೇಲೆ ನಿಂತು ಮನೆ ಇದ್ದ ಜಾಗ ಯಾವುದಿರಬಹುದು ಎಂದು ಏರಿಯ ಕಡೆ ಹುಡುಕುತ್ತಿದ್ದೆ, ಗುರುತು ಹತ್ತಲಿಲ್ಲ. ಕೆಳಗೆ ನೀರು ಕಂಬಗಳಿಗೆ ಮೆಲ್ಲಗೆ ತಟ್ಟುತ್ತಿತ್ತು. ಊರ ಕಡೆಯಿಂದ ಬಸ್ಸು ಬಂತು, ನಾನು ಕಟ್ಟೆಗೆ ಒರಗಿ ದಾರಿ ಬಿಟ್ಟೆ. ಬಸ್ಸಿನ ತುಂಬ ಯೂನಿಫಾರಮ್ಮಿನ ಹುಡುಗಿಯರು. ಕಿಟಕಿಯ ಪಕ್ಕ ಕೂತಿದ್ದ ಒಬ್ಬಳು ತೆರೆದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಕಂಬಿಗೆ ತಲೆ ಆನಿಸಿ, ಬಾಯಿ ಅರ್ಧ ತೆರೆದು ಒಳ್ಳೆಯ ನಿದ್ದೆಯಲ್ಲಿದ್ದಳು. ಎಬ್ಬಿಸಬೇಕೆಂದು ನನಗೆ ಅನ್ನಿಸಲಿಲ್ಲ. ಮಲಗಿರಲಿ ತಾಯಿ, ಅಂದುಕೊಂಡೆ. ಅವಳು ನಿದ್ದೆಯಲ್ಲೇ ಕೆರೆ ದಾಟಿದಳು.